ಕಬ್ಬಿನ ಗದ್ದೆಯ ಕಾಡುಬೆಕ್ಕು: ಏಳನೆಯ ತಿಂಗಳ ದಾಖಲೆ

ಮಂಡ್ಯ ಸೀಮೆಯ ನಮ್ಮ ಕಬ್ಬಿನ ಗದ್ದೆಯ ಬದುವಿನಲ್ಲಿ, ಪ್ರಾಣಿ ಎದುರು ಹಾದರೆ ತಾನಾಗಿಯೇ ಚಿತ್ರ ತೆಗೆಯುವ ಎರಡು ಕ್ಯಾಮೆರಾ ಟ್ರ್ಯಾಪ್ ಕಟ್ಟಿ ಈ ವಾರಕ್ಕೆ ಏಳು ತಿಂಗಳು ತುಂಬಿತು. ಇಲ್ಲಿ ಎಷ್ಟು ಕಾಡುಬೆಕ್ಕುಗಳಿವೆ ಎಂದು ಎಣಿಸುವುದು ನನ್ನ ಮೊದಲ ಉದ್ದೇಶವಾಗಿತ್ತು. ಅದನ್ನು ಈಗ ಕೈಬಿಟ್ಟಿದ್ದೇನೆ. ಚಿರತೆಯಾದರೆ ಮೈಮೇಲಿನ ಚುಕ್ಕೆಗಳಿಂದಲೇ ಒಂದೊಂದನ್ನೂ ಬೇರೆಯಾಗಿ ಗುರುತಿಸಬಹುದು. ಕಾಡುಬೆಕ್ಕಿನದು ಮರಳಿನ ಬಣ್ಣದ ಸಾದಾ ಮೈ. ಕಾಲಿನ ಮಸುಕು ಪಟ್ಟೆ, ಗಿಡ್ಡ ಬಾಲದ ತುದಿಯ ಕಪ್ಪು ಬಳೆಗಳು ಎಲ್ಲದರಲ್ಲೂ ಇರುವಂಥವು. ಹತ್ತು ಚಿತ್ರ ಸಿಕ್ಕಿದರೆ ಬಂದದ್ದು ಹತ್ತು ಬೆಕ್ಕೋ, ಒಂದೇ ಬೆಕ್ಕು ಹತ್ತು ಸಲ ಬಂದಿತೋ ಹೇಳಲಾಗದು. ಎಡಗಿವಿ ಹರಿದ ಒಂದು ಹೆಣ್ಣನ್ನು ಮಾತ್ರ ನಾನು ಖಚಿತವಾಗಿ ಗುರುತಿಸಬಲ್ಲೆ. ಈ ದಾಖಲೆ ಬಹುಮಟ್ಟಿಗೆ ಅದರದೇ.

ಅದು ಬೇಟೆಯಾಡುವುದನ್ನು ಒಮ್ಮೆ ಕಣ್ಣಾರೆ ಕಂಡೆ. ಕಡಿದ ಬುಡದಿಂದ ಮತ್ತೆ ಚಿಗುರಿದ ಕೂಳೆ ಕಬ್ಬಿನ ಸಾಲಿನ ತುದಿಯಲ್ಲಿ ಕಿವಿಗಳನ್ನು ಮುಂದಕ್ಕೆ ನಿಮಿರಿಸಿ, ಮೂತಿ ತಗ್ಗಿಸಿ ಅಲುಗಾಡದೆ ನಿಂತಿದ್ದ ಅದು, ನಾಲ್ಕೂ ಕಾಲು ನೆಲ ಬಿಡುವಂತೆ ಮೇಲಕ್ಕೆ ಚಿಮ್ಮಿ, ಒಣ ತರಗಿನ ಮೇಲೆ ಮುಂಗಾಲುಗಳನ್ನು ಊರಿತು. ತಲೆ ಎತ್ತಿದಾಗ ಬಾಯಲ್ಲಿ ಇಲಿಯಿತ್ತು. ರಾಜಸ್ಥಾನದ ಸರಿಸ್ಕಾದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದು, ಒಂದು ಕಾಡುಬೆಕ್ಕು ದಿನಕ್ಕೆ ಮೂರರಿಂದ ಐದು ಇಲಿ ಜಾತಿಯ ಪ್ರಾಣಿಗಳನ್ನು ತಿನ್ನುತ್ತದೆಂದು ಅಂದಾಜಿಸಿದೆ. ಕಬ್ಬಿನ ಬುಡ ಕಡಿಯುವ ಇಲಿಗೆ ಪಾಷಾಣ ಇಡುತ್ತಿದ್ದ ನಾವು ಈ ವರ್ಷ ಅದನ್ನು ನಿಲ್ಲಿಸಿದ್ದೇವೆ, ಏಕೆಂದರೆ ವಿಷ ತಿಂದ ಇಲಿಯನ್ನೇ ಬೆಕ್ಕು ತಿನ್ನುವ ಅಪಾಯವಿದೆ.

ಕಳೆದ ತಿಂಗಳ ಕಟಾವಿನಲ್ಲಿ ನಡೆದದ್ದನ್ನು ವಿವರವಾಗಿ ಬರೆಯಬೇಕು. ಗದ್ದೆಯ ಮುಕ್ಕಾಲು ಪಾಲು ಮುಗಿದಿದ್ದಾಗ, ಕಡಿಯುತ್ತಿದ್ದ ಅಕ್ಕನೊಬ್ಬರು ತರಗಿನ ನಡುವೆ ಮೂರು ಮರಿಗಳನ್ನು ಕಂಡು "ಚಿರತೆ ಮರಿ" ಎಂದು ಕೂಗಿದರು. ಅವು ಕಾಡುಬೆಕ್ಕಿನವು. ಕಾಡುಬೆಕ್ಕಿನ ಎಳೆಯ ಮರಿಗಳಿಗೆ ಮೈಮೇಲೆ ಪಟ್ಟೆಗಳಿದ್ದು, ದೊಡ್ಡವಾದಂತೆ ಮಾಸಿಹೋಗುತ್ತವೆ; ಚಿರತೆಯ ಮರಿಗಾದರೆ ಚುಕ್ಕೆ, ಉದ್ದನೆಯ ಬಾಲ. ಈ ಮರಿಗಳು ಕಣ್ಣು ಆಗಷ್ಟೇ ಬಿಟ್ಟಿದ್ದವು, ಅಂದರೆ ಸುಮಾರು ಎರಡು ವಾರದವು. ಯಾರೂ ಮುಟ್ಟಬಾರದೆಂದು ಬೇಡಿಕೊಂಡೆ, ಗ್ಯಾಂಗಿನವರು ಒಪ್ಪಿದರು. ಮರಿಗಳ ಸುತ್ತ ಆರು ಸಾಲು ಕಬ್ಬನ್ನು ಹಾಗೆಯೇ ಬಿಟ್ಟು, ತರಗಿಗೆ ಬೆಂಕಿ ಹಾಕದೆ, ನಾಯಿಯನ್ನು ಮನೆಯಲ್ಲಿ ಕಟ್ಟಿ, ಒಂದು ಕ್ಯಾಮೆರಾವನ್ನು ದೂರದಿಂದ ಆ ಕಡೆಗೆ ತಿರುಗಿಸಿ ಕತ್ತಲಾಗುವ ಮುನ್ನ ಎಲ್ಲರೂ ಹೊರಟೆವು.

ರಾತ್ರಿ 8.40ಕ್ಕೆ ಹರಿದ ಕಿವಿಯ ತಾಯಿ ಚಿತ್ರದಲ್ಲಿದೆ. ಮೊದಲ ಮರಿಯನ್ನು ಕತ್ತಿನಲ್ಲಿ ಕಚ್ಚಿಕೊಂಡು ನಾಲೆಯ ಕಡೆ ಹೋಗಿ, ಎರಡನೆಯದಕ್ಕೆ 9.25ಕ್ಕೆ ಮರಳಿತು. ಮೂರನೆಯದನ್ನು ಒಯ್ದದ್ದು ಬೆಳಗಿನ ಜಾವ 4.10ಕ್ಕೆ, ಅಷ್ಟು ಹೊತ್ತು ಆ ಮರಿ ಒಂಟಿಯಾಗಿತ್ತೆಂದು ನೆನೆದರೆ ಈಗಲೂ ಸಂಕಟವಾಗುತ್ತದೆ. ಗಂಡು ಬೆಕ್ಕು ಮರಿಗಳ ಪಾಲನೆಗೆ ಬರುವುದಿಲ್ಲ, ಎಲ್ಲ ಹೊರೆಯೂ ತಾಯಿಯದೇ.

ಈಗ ಅವು ನಾಲೆಯಂಚಿನ ಜೊಂಡಿನಲ್ಲಿ ಇರಬೇಕೆಂದು ನನ್ನ ಊಹೆ. ಮರಿಗಳು ಚಿಕ್ಕವಿರುವಾಗ ಹತ್ತಿರ ಹೋಗುವುದು ತಪ್ಪೆಂದು ತಿಳಿದು ಅಲ್ಲಿ ಕ್ಯಾಮೆರಾ ಇಟ್ಟಿಲ್ಲ. ಮುಂದಿನ ತಿಂಗಳು ಪಕ್ಕದ ಗದ್ದೆಯ ಕಟಾವು. ರಸ್ತೆಯ ಕಡೆಯಿಂದ ಶುರುಮಾಡಿ ನಾಲೆಯ ಕಡೆಗೆ ಕಡಿದುಕೊಂಡು ಬಂದರೆ ಪ್ರಾಣಿಗಳಿಗೆ ಜೊಂಡಿಗೆ ಸರಿಯಲು ದಾರಿ ಉಳಿಯುತ್ತದೆಂದು ಮಾಲೀಕರಾದ ಅಣ್ಣನವರಿಗೆ ಹೇಳಿದ್ದೇನೆ; ಹಾಗೆಯೇ ಮಾಡಿಸುತ್ತೇನೆಂದು ಅವರು ಮಾತು ಕೊಟ್ಟಿದ್ದಾರೆ.