ಟೆರೇಸಿನ ಮೇಲೆ ಮೂಡಿದ ನುಗ್ಗೆ ಸೊಪ್ಪು

1994ರ ಅಕ್ಟೋಬರ್. ಮಳೆ ನಿಂತು ಮುಂಬಯಿ ಧಗಧಗ ಅನ್ನುತ್ತಿತ್ತು. ನಮ್ಮ ಒಂಬತ್ತನೇ ಕ್ಲಾಸಿನ ವಿಜ್ಞಾನದ ಟೀಚರ್, "ನಾಳೆ ಬಿಸಿಲಿನಲ್ಲೇ ಎಲೆಯ ಚಿತ್ರ ಅಚ್ಚು ಮಾಡೋಣ, ಮನೆಯಿಂದ ಹಳೇ ಬಿಳಿ ಬಟ್ಟೆ ತನ್ನಿ. ಹತ್ತಿಯದೇ ಆಗ್ಬೇಕು, ಗಂಜಿ ಇರಬಾರದು" ಅಂದರು. ನಾನು ಅಪ್ಪನ ಪಂಚೆಯ ತುಂಡು ಒಯ್ದೆ. ಅಪ್ಪ ಆಗ ಮಾಟುಂಗಾದ ಹೋಟೆಲೊಂದರಲ್ಲಿ ಚಹಾ ಮಾಡುತ್ತಿದ್ದರು.

ಲ್ಯಾಬಿನ ಕಿಟಕಿ ಮುಚ್ಚಿ, ಮಂಕು ಬಲ್ಬಿನಲ್ಲಿ ಟೀಚರ್ ಫೆರಿಕ್ ಅಮೋನಿಯಂ ಸಿಟ್ರೇಟಿನ ನೀರಿಗೆ ಪೊಟ್ಯಾಸಿಯಂ ಫೆರಿಸಯನೈಡಿನ ನೀರು ಬೆರೆಸಿದರು. ಎರಡೂ ಕಬ್ಬಿಣ ಇರುವ ರಾಸಾಯನಿಕಗಳು. ಅದನ್ನು ಬಟ್ಟೆಗೆ ಬಳಿದು ಕತ್ತಲಲ್ಲೇ ಒಣಗಿಸಿದೆವು. ಕೆಲವರು ಫೈವ್ ಗಾರ್ಡನ್ಸ್‌ನಿಂದ ಎಲೆ ತಂದಿದ್ದರು. ನನ್ನದು ನುಗ್ಗೆ ಸೊಪ್ಪಿನ ಒಂದು ಕಡ್ಡಿ. ಬಟ್ಟೆಯ ಮೇಲೆ ಕಡ್ಡಿ, ಅದರ ಮೇಲೆ ಹಳೇ ಫೋಟೋದ ಗಾಜು.

ಟೆರೇಸಿನಲ್ಲಿ ಹದಿನೈದು ನಿಮಿಷ. ಹಳದಿ ಇದ್ದ ಬಟ್ಟೆ ಹಸಿರಾಯಿತು, ನೀಲಿಯಾಯಿತು, ಆಮೇಲೆ ಬೂದಿ ಬಣ್ಣಕ್ಕೆ ತಿರುಗಿತು. ಕಾಯುತ್ತಾ ಕೂತಾಗ ಟೀಚರ್ ಹೇಳಿದರು: ಬಿಸಿಲಿನಲ್ಲಿ ನೀಲಿ ಅಚ್ಚು ಮೂಡಿಸುವ ಈ ವಿದ್ಯೆಯ ಹೆಸರು ಸಯನೋಟೈಪ್. ಕಂಡುಹಿಡಿದದ್ದು 1842ರಲ್ಲಿ, ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್. ಮರುವರ್ಷವೇ ಆನ್ನಾ ಆಟ್ಕಿನ್ಸ್ ಎಂಬಾಕೆ ಕ್ಯಾಮೆರಾ ಇಲ್ಲದೆ, ಕಡಲ ಪಾಚಿಗಳನ್ನು ಹೀಗೇ ಬಿಸಿಲಿನಲ್ಲಿ ಅಚ್ಚು ಮಾಡಿ ಪುಸ್ತಕ ಹೊರತರತೊಡಗಿದರು. ಕಟ್ಟಡದ ಹಳೇ ಕಾಲದ ನೀಲಿ ನಕ್ಷೆಗಳೂ ಇದೇ ವಿದ್ಯೆಯವು.

ಬಕೆಟ್ಟಿನಲ್ಲಿ ಅದ್ದಿದಾಗ ಹಳದಿ ನೀರು ಇಳಿಯಿತು. ಬಿಸಿಲು ಬಿದ್ದಲ್ಲಿ ನೀಲಿ ಉಳಿಯಿತು, ನೆರಳಿದ್ದಲ್ಲಿ ಪಂಚೆಯ ಬಿಳಿ. ಗಾಜು ಒತ್ತಿದ ಎಲೆಗಳ ಅಂಚು ಚೂರಿಯಲ್ಲಿ ಕೊರೆದಂತೆ ಇತ್ತು. ತುದಿಯ ಎರಡು ಎಲೆ ಮಾತ್ರ ಸ್ವಲ್ಪ ಮೇಲೆದ್ದಿದ್ದವು. ಅಲ್ಲಿ ಬೆಳಕು ನುಸುಳಿ, ಹೊಗೆಯ ಹಾಗೆ ತಿಳಿನೀಲಿ. ನನಗೆ ಇವತ್ತಿಗೂ ಆ ಎರಡು ಎಲೆಗಳೇ ಇಷ್ಟ.

ಮನೆಯಲ್ಲಿ ಅಮ್ಮ ಅದನ್ನು ಕೊಳೆ ಬಟ್ಟೆ ಅಂದುಕೊಂಡು ವಾಷಿಂಗ್ ಸೋಡಾದಲ್ಲಿ ನೆನೆಸಿಟ್ಟರು. ನೀಲಿ ಪೂರ್ತಿ ಹೋಗಿ ತುಕ್ಕಿನ ಕಲೆಯಂಥ ಹಳದಿ ಉಳಿಯಿತು. ಮರುದಿನ ಅಳುತ್ತಾ ಟೀಚರ್ ಮುಂದೆ ಹಿಡಿದೆ. ಅವರು ಬಯ್ಯಲಿಲ್ಲ. "ಸೋಡಾ ನೀಲಿಯನ್ನು ಒಡೆಯುತ್ತೆ. ಆದ್ರೆ ಕಬ್ಬಿಣ ಬಟ್ಟೆಯಲ್ಲೇ ಇದೆ ಮಗಾ. ನಿಮ್ಮಪ್ಪನ ಹತ್ರ ಹಾಲು ಹಾಕದ ಚಹಾ ಕೇಳು" ಅಂದರು.

ಸಂಜೆ ಅಪ್ಪ ಹೋಟೆಲಿನ ಹಿಂಬಾಗಿಲಲ್ಲಿ ಒಂದು ಪಾತ್ರೆ ಕಡು ಡಿಕಾಕ್ಷನ್ ತಣಿಸಿ ಕೊಟ್ಟರು. ಬಟ್ಟೆ ಮುಳುಗಿಸಿ ಇಬ್ಬರೂ ಕೂತು ನೋಡಿದೆವು. ಚಹಾದ ಒಗರು ಕಬ್ಬಿಣಕ್ಕೆ ಹಿಡಿಯಿತು. ಹಳದಿ ಮೆಲ್ಲಗೆ ಕಪ್ಪುಕಂದಾಯಿತು, ನಡುವೆ ನುಗ್ಗೆ ಸೊಪ್ಪು ಕೆನೆ ಬಣ್ಣದಲ್ಲಿ ಎದ್ದಿತು. ತುದಿಯ ಎರಡು ಎಲೆಗಳ ಹೊಗೆಯೂ ಹಾಗೇ ಇತ್ತು.

"ಇದು ನನ್ನ ಪಂಚೆ ಅಲ್ವಾ?" ಅಂದರು ಅಪ್ಪ.