ಹಳೆಯ ಬೈಕಿನಲ್ಲಿ ಆಗುಂಬೆ ಘಾಟಿ: ಉಡುಪಿಯಲ್ಲೇ ಕ್ಲಚ್ ನೋಡಿಸಿಕೊಂಡು ಹೊರಡಿ

ಉಡುಪಿಯಿಂದ ಆಗುಂಬೆ ಮಾರ್ಗವಾಗಿ ಶೃಂಗೇರಿಗೆ ಹಳೆಯ ಟೂರಿಂಗ್ ಬೈಕಿನಲ್ಲಿ ಹೋಗಬೇಕೆಂದಿರುವವರು ಟಯರ್ ಮತ್ತು ಬ್ರೇಕುಗಳ ಜೊತೆಗೆ ಕ್ಲಚ್ಚನ್ನೂ ಊರಿನಲ್ಲಿಯೇ ಪರೀಕ್ಷಿಸಿಕೊಳ್ಳಬೇಕು. ಕರಾವಳಿಯಲ್ಲಿ ಮಾತ್ರ ಓಡುವ ಬೈಕಿನ ಕ್ಲಚ್ ಸವೆದಿದ್ದರೂ ಬೇಗ ಗೊತ್ತಾಗುವುದಿಲ್ಲ. ಮಂಗಳೂರು–ಉಡುಪಿ ನಡುವಿನ ರಾಷ್ಟ್ರೀಯ ಹೆದ್ದಾರಿ 66 ಬಹುಮಟ್ಟಿಗೆ ಸಮತಟ್ಟಾಗಿರುವುದರಿಂದ ಒಂದೇ ವೇಗದಲ್ಲಿ ಸಾಗುವಾಗ ಎಂಜಿನ್ನಿನ ಬಲವನ್ನು ಚಕ್ರದ ಕಡೆಗೆ ದಾಟಿಸುವ ಕ್ಲಚ್ ಪ್ಲೇಟುಗಳ ಮೇಲೆ ಹೆಚ್ಚು ಒತ್ತಡ ಬೀಳುವುದಿಲ್ಲ. ಹಿಂದೆ ಒಬ್ಬರು ಕುಳಿತು, ಎರಡೂ ಬದಿಗೆ ಬ್ಯಾಗು ತೂಗುಬಿದ್ದು, ಘಾಟಿಯ ಬುಡದ ಸೋಮೇಶ್ವರದಿಂದ ಮೇಲಕ್ಕೆ 14 ಹೇರ್‌ಪಿನ್ ತಿರುವುಗಳನ್ನು ಹತ್ತಬೇಕಾದಾಗಲೇ ಅದರ ನಿಜಸ್ಥಿತಿ ತಿಳಿಯುವುದು.

ಅದೃಷ್ಟವಶಾತ್ ಪರೀಕ್ಷೆಗೆ ತಕ್ಕ ಏರು ಊರಿನ ಪಕ್ಕದಲ್ಲೇ ಇದೆ. ಇಂದ್ರಾಳಿ ದಾಟಿ ಮಣಿಪಾಲದ ಕಡೆಗೆ ಏರುವಾಗ, ರಸ್ತೆ ಖಾಲಿಯಿದ್ದರೆ, ಮೇಲಿನ ಗೇರಿನಲ್ಲಿಯೇ ಆಕ್ಸಿಲರೇಟರನ್ನು ಸ್ವಲ್ಪ ಜೋರಾಗಿ ತಿರುಗಿಸಿ ನೋಡಿ. ಎಂಜಿನ್ನಿನ ಸದ್ದು ಮಾತ್ರ ಏರಿ ವೇಗ ಏರದಿದ್ದರೆ ಕ್ಲಚ್ ಸ್ಲಿಪ್ ಆಗುತ್ತಿದೆ, ಅಂದರೆ ಪ್ಲೇಟುಗಳು ಹಿಡಿತವಿಲ್ಲದೆ ಜಾರುತ್ತಿವೆ ಎಂದೇ ಅರ್ಥ. ನಾನೂ ನನ್ನ ಹೆಂಡತಿಯೂ ಹೊರಟ ದಿನ ನಮ್ಮ 350 ಸಿಸಿ ಬೈಕು ಅದೇ ಏರಿನಲ್ಲಿ ಹೀಗೆ ರೇಸ್ ಆಯಿತು. ಜೊತೆಗೆ ಸುಟ್ಟ ವಾಸನೆಯೂ ಬಂತು. ಹೆಬ್ರಿಯವರೆಗೆ ಹೋಗಿ ನೋಡೋಣವೆಂಬ ಆಸೆಯನ್ನು ಬಿಟ್ಟು ಉಡುಪಿಗೆ ಹಿಂತಿರುಗಿದೆವು. ಹಳೆಯ ಬೈಕಿನ ಬಿಡಿಭಾಗಗಳು ಉಡುಪಿಯಲ್ಲಿ ಸಿಗುವಷ್ಟು ಸುಲಭವಾಗಿ ಘಾಟಿಯ ಬುಡದಲ್ಲಿ ಸಿಗುವುದಿಲ್ಲ.

ಮೊದಲು ನೋಡಬೇಕಾದದ್ದು ಹ್ಯಾಂಡಲಿನ ಲಿವರನ್ನು ಕ್ಲಚ್ಚಿಗೆ ಜೋಡಿಸುವ ಕೇಬಲ್. ಲಿವರಿನ ಬುಡದ ಸಂದಿನಲ್ಲಿ ಸಾಮಾನ್ಯವಾಗಿ 2ರಿಂದ 3 ಮಿ.ಮೀ. ಸಡಿಲ ಇರಬೇಕು, ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿದಾಗಲೂ ಆ ಸಡಿಲ ಉಳಿಯಬೇಕು. ಪ್ಲೇಟುಗಳು ಸವೆದಂತೆ ಹೆಚ್ಚಿನ ಬೈಕುಗಳಲ್ಲಿ ಈ ಸಡಿಲ ತಾನಾಗಿಯೇ ಕಡಿಮೆಯಾಗುತ್ತಾ ಬಂದು, ಕೊನೆಗೆ ನಾವು ಲಿವರ್ ಮುಟ್ಟದಿದ್ದರೂ ಕ್ಲಚ್ ಅರ್ಧ ಹಿಡಿದಂತೆಯೇ ಇರುತ್ತದೆ. ನಮ್ಮ ಬೈಕಿನಲ್ಲಿ ಸಡಿಲ ಪೂರ್ತಿ ಇಲ್ಲವಾಗಿತ್ತು. ಮೆಕ್ಯಾನಿಕ್ ಅದನ್ನು ಸರಿಪಡಿಸಿ ಒಂದು ಸುತ್ತು ಓಡಿಸಿ ಬಂದು, "ಇಲ್ಲಿ ಓಡ್ತದೆ ಸರ್, ಘಾಟಿಯಲ್ಲಿ ಓಡುದಿಲ್ಲ. ಒಮ್ಮೆ ಬಿಚ್ಚಿ ನೋಡುವ" ಎಂದರು. ಅವರ ಮಾತು ಸರಿಯಾಗಿತ್ತು.

ಕವರ್ ಬಿಚ್ಚಿದಾಗ ಫ್ರಿಕ್ಷನ್ ಪ್ಲೇಟುಗಳು ಕಪ್ಪಾಗಿ ಗಾಜಿನಂತೆ ಹೊಳೆಯುತ್ತಿದ್ದವು, ಎರಡು ಸ್ಟೀಲ್ ಪ್ಲೇಟುಗಳ ಅಂಚು ಶಾಖಕ್ಕೆ ನೀಲಿಗಟ್ಟಿತ್ತು. ಸ್ಟೀಲ್ ಪ್ಲೇಟನ್ನು ದಪ್ಪ ಗಾಜಿನ ತುಂಡಿನ ಮೇಲಿಟ್ಟು, ಅಡಿಯಲ್ಲಿ ಫೀಲರ್ ಗೇಜ್ (ಸಂದು ಅಳೆಯುವ ತೆಳುವಾದ ಪಟ್ಟಿ) ತೂರಿಸಿದರೆ ಅದು ಡೊಂಕಾಗಿದೆಯೇ ಎಂಬುದು ತಿಳಿಯುತ್ತದೆ. ಡೊಂಕಾದ ಪ್ಲೇಟನ್ನು ಉಳಿಸಿಕೊಳ್ಳಬಾರದು. ಸ್ಪ್ರಿಂಗುಗಳ ಉದ್ದವನ್ನೂ ಅಳೆಸಿ. ಹೊಸ ಪ್ಲೇಟಿಗೆ ಕುಗ್ಗಿದ ಹಳೆಯ ಸ್ಪ್ರಿಂಗ್ ಹಾಕಿದರೆ ಕೆಲವೇ ದಿನಗಳಲ್ಲಿ ಅದೇ ದೂರು ಮರಳುತ್ತದೆ, ಉಳಿತಾಯವೂ ಅತ್ಯಲ್ಪ. ಆದ್ದರಿಂದ ಪ್ಲೇಟು, ಸ್ಪ್ರಿಂಗುಗಳನ್ನೆಲ್ಲ ಒಟ್ಟಿಗೆ ಬದಲಿಸಬೇಕೆಂಬುದೇ ನನ್ನ ಅಭಿಪ್ರಾಯ.

ಆತುರ ಮಾಡಬಾರದ ಒಂದು ಹಂತವಿದೆ. ಎಣ್ಣೆಯಲ್ಲಿ ಕೆಲಸ ಮಾಡುವ ಕ್ಲಚ್ಚಿನ ಹೊಸ ಫ್ರಿಕ್ಷನ್ ಪ್ಲೇಟುಗಳನ್ನು ಜೋಡಿಸುವ ಮೊದಲು ಎಂಜಿನ್ ಆಯಿಲ್‌ನಲ್ಲಿ ಹಲವು ಗಂಟೆ ನೆನೆಸಿಡಬೇಕು. ಒಣ ಪ್ಲೇಟನ್ನೇ ಹಾಕಿ ಓಡಿಸಿದರೆ ಮೊದಲ ದಿನವೇ ಅದು ಸುಡಬಹುದು. ನಮ್ಮ ಮೆಕ್ಯಾನಿಕ್ ರಾತ್ರಿಯಿಡೀ ನೆನೆಸಿಟ್ಟು, ಮರುದಿನ ಬೆಳಿಗ್ಗೆ ಹೊಸ ಗ್ಯಾಸ್ಕೆಟ್ ಕೂರಿಸಿ, ಸ್ಪ್ರಿಂಗ್ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಸಿದರು. ಎಂಜಿನ್ನಿಗೂ ಕ್ಲಚ್ಚಿಗೂ ಒಂದೇ ಆಯಿಲ್ ಇರುವ ಬೈಕಿಗೆ, ತಯಾರಕರು ಹೇಳಿದ ಗ್ರೇಡಿನಲ್ಲಿ, ಡಬ್ಬಿಯ ಮೇಲೆ ಜಾಸೊ ಎಂಎ ಅಥವಾ ಎಂಎ2 (ಇಂಥ ಕ್ಲಚ್ಚಿಗೆ ಹೊಂದುತ್ತದೆ ಎಂಬ ಜಪಾನಿ ಮಾನದಂಡದ ಗುರುತು) ಎಂದಿರುವುದನ್ನೇ ಹಾಕಿಸಿ. ಕಾರಿನ ಹಲವು ಆಯಿಲ್‌ಗಳಲ್ಲಿ ಘರ್ಷಣೆ ತಗ್ಗಿಸುವ ಅಂಶವಿರುವುದರಿಂದ ಒಳ್ಳೆಯ ಪ್ಲೇಟೂ ಜಾರುವುದುಂಟು.

ಅನಂತರ ಹಿರಿಯಡಕ, ಪೆರ್ಡೂರು, ಹೆಬ್ರಿ ಮಾರ್ಗವಾಗಿ ನಿಧಾನವಾಗಿ ಸಾಗಿದೆವು. ಹೊಸ ಪ್ಲೇಟು ಕೂರುವಾಗ ಕೇಬಲಿನ ಸಡಿಲ ಬದಲಾಗುವುದರಿಂದ ಹೆಬ್ರಿಯಲ್ಲಿ ನಿಂತು, ಎಂಜಿನ್ ತಣಿಯಲು ಬಿಟ್ಟು, ಮತ್ತೊಮ್ಮೆ ನೋಡಿಕೊಳ್ಳಿ. ಘಾಟಿಯ ತಿರುವುಗಳಲ್ಲಿ ಹಾಫ್ ಕ್ಲಚ್ಚಿನಲ್ಲಿ ಎಳೆಯುವ ಬದಲು, ತಿರುವಿಗೆ ಮೊದಲೇ ಮೊದಲನೆಯ ಅಥವಾ ಎರಡನೆಯ ಗೇರಿಗೆ ಇಳಿಸಿ ಲಿವರನ್ನು ಪೂರ್ತಿ ಬಿಟ್ಟು ಹತ್ತಿ. ಮೇಲಿನಿಂದ ಬಸ್ ಬಂದು ನಿಲ್ಲಬೇಕಾದರೆ ಬ್ರೇಕ್ ಹಿಡಿದು ನಿಲ್ಲಿ. ಕ್ಲಚ್ಚಿನ ಬಲದಲ್ಲಿ ಬೈಕನ್ನು ಏರಿನಲ್ಲಿ ತಡೆದಿಟ್ಟುಕೊಳ್ಳಬೇಡಿ. ಅಷ್ಟಾಗಿಯೂ ಜಾರತೊಡಗಿದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ತಣಿದ ಮೇಲೆ ಕೇಬಲಿಗೆ ಸಡಿಲ ಕೊಟ್ಟು ನೋಡಿ. ಮತ್ತೂ ಜಾರಿದರೆ ಮೇಲೆ ಹತ್ತುವ ಹಟ ಬಿಟ್ಟು ಸೋಮೇಶ್ವರಕ್ಕೆ ಇಳಿಯಿರಿ. ಜೊತೆಗೆ ಒಂದು ಹೊಸ ಕ್ಲಚ್ ಕೇಬಲನ್ನು ಉಡುಪಿಯಲ್ಲೇ ಕೊಂಡು, ಹಳೆಯ ಕೇಬಲಿನ ಪಕ್ಕದಲ್ಲೇ ಹಾಯಿಸಿ ಕಟ್ಟಿಟ್ಟರೆ, ದಾರಿಯಲ್ಲಿ ತುಂಡಾದರೂ ಎರಡು ತುದಿ ಸಿಕ್ಕಿಸುವಷ್ಟೇ ಕೆಲಸ ಉಳಿಯುತ್ತದೆ.