ಜೈಲಿನ ಅಂಗಳದಲ್ಲೊಂದು ನಗೆನಾಟಕ

ಕಾಲೇಜಿನ ನಾಟಕ ತಂಡದ ಜೊತೆ ಬೇರೆ ಊರಿಗೆ ಹೋದರೆ ನಮ್ಮ ಮೇಷ್ಟ್ರು ಮೊದಲು ಸಾಮಾನು ಇಳಿಸಲು ಬಿಡುತ್ತಿರಲಿಲ್ಲ. "ಒಂದು ಸುತ್ತು ಹಾಕ್ಕೊಂಡು ಬನ್ರೋ, ಇಲ್ಲಿ ಮೊದಲು ಏನಿತ್ತು ಕೇಳ್ಕೊಂಡು ಬನ್ನಿ" ಅನ್ನುತ್ತಿದ್ದರು. ಹೊಟ್ಟೆ ಹಸಿದ ಹೊತ್ತಲ್ಲಿ ಇದೆಂಥ ಚರಿತ್ರೆ ಪಾಠ ಅಂತ ಗೊಣಗುತ್ತಿದ್ದೆವು. ಆ ಚಾಳಿ ಮಾತ್ರ ನನಗೆ ಅಂಟಿಬಿಟ್ಟಿತು.

ಈಚೆಗೆ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹವ್ಯಾಸಿ ತಂಡವೊಂದರ ನಾಟಕ ನೋಡಿದೆ. ಹಗಲು ಕೆಲಸ ಮಾಡಿ ಸಂಜೆ ತಾಲೀಮಿಗೆ ಸೇರುವ ಜನ. ಸಂಭಾಷಣೆ ಅಲ್ಲಲ್ಲಿ ತಪ್ಪಿತು, ಪರವಾಗಿಲ್ಲ. 2008ರಲ್ಲಿ ಪಾರ್ಕ್ ಆಗುವ ಮೊದಲು ಅದು ಸೆಂಟ್ರಲ್ ಜೈಲು. ಕಾವಲು ಗೋಪುರ ಈಗಲೂ ನಿಂತಿದೆ. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಇಲ್ಲೇ ಇದ್ದರು. ಅದು ಎಲ್ಲರಿಗೂ ಗೊತ್ತು.

ನನಗೆ ನೆನಪಾಗಿದ್ದು ಸ್ನೇಹಲತಾ ರೆಡ್ಡಿ. 'ಸಂಸ್ಕಾರ' ಸಿನಿಮಾದ ಚಂದ್ರಿ. ಮದ್ರಾಸ್ ಪ್ಲೇಯರ್ಸ್ ನಾಟಕ ತಂಡ ಕಟ್ಟಿದವರಲ್ಲಿ ಒಬ್ಬರು, ಅಂದರೆ ನಮ್ಮ ಪೈಕಿಯವರು. 1976ರ ಮೇನಲ್ಲಿ ಬರೋಡಾ ಡೈನಮೈಟ್ ಪ್ರಕರಣದ ಹೆಸರಲ್ಲಿ, ಅಂದರೆ ಸರ್ಕಾರದ ವಿರುದ್ಧ ಸ್ಫೋಟದ ಸಂಚು ಹೂಡಿದರೆಂಬ ಆರೋಪದಲ್ಲಿ, ಹಿಡಿದು ತಂದರು. ವಿಚಾರಣೆಯೇ ಇಲ್ಲದೆ ಎಂಟು ತಿಂಗಳು ಕೂಡಿಹಾಕಿದರು. ಕೊನೆಗೆ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ! ಆಸ್ತಮಾ ಬೇರೆ. ರಾತ್ರಿ ಹೊತ್ತು ಆಕೆ ಕಿರುಚುವುದು ತಮ್ಮ ಕೋಣೆಗೂ ಕೇಳುತ್ತಿತ್ತು ಅಂತ ಅಲ್ಲೇ ಬಂಧಿಯಾಗಿದ್ದ ಸಮಾಜವಾದಿ ನಾಯಕ ಮಧು ದಂಡವತೆ ಮುಂದೆ ಬರೆದರು. 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. 20ನೇ ತಾರೀಕು ತೀರಿಕೊಂಡರು.

ಅಂಥ ಜಾಗದಲ್ಲಿ ನಗೆನಾಟಕ ಆಡಬಹುದಾ? ಧಾರಾಳವಾಗಿ ಆಡಬಹುದು. ನಾನೂ ಚೆನ್ನಾಗಿ ನಕ್ಕೆ. ಜೈಲು ಹಾಳುಬಿದ್ದು ಬಾವಲಿ ಸೇರುವುದಕ್ಕಿಂತ ಅಲ್ಲಿ ಜನ ನಗುವುದು ಎಷ್ಟೋ ಮೇಲು. ಬೇಜಾರಾಗಿದ್ದು ಬೇರೆ ವಿಷಯಕ್ಕೆ. ನಿರೂಪಕಿ ಧ್ವನಿವರ್ಧಕ ಕೊಟ್ಟವರಿಂದ ಹಿಡಿದು ಎಲ್ಲರಿಗೂ ಥ್ಯಾಂಕ್ಸ್ ಹೇಳಿದರು. ಅದೇ ಗೋಡೆಗಳೊಳಗೆ ನರಳಿದ ನಟಿಯ ಹೆಸರು ಮಾತ್ರ ಬರಲಿಲ್ಲ. ಬೇರೆ ಯಾರೋ ಮರೆತರೆ ಸರಿ, ನಾಟಕದವರೇ ಮರೆತರೆ ಹೇಗೆ?

ಆಮೇಲೆ ಬಣ್ಣ ಒರೆಸಿಕೊಳ್ಳುತ್ತಿದ್ದ ಹುಡುಗನೊಬ್ಬನಿಗೆ ಇದನ್ನೇ ಹೇಳಿದೆ. ಚಂದ್ರಿ ಅಂದ ಕೂಡಲೇ "ಅಯ್ಯೋ, ಅವರಾ?" ಅಂದ. ತಂಡದವರನ್ನೆಲ್ಲ ಕೂಗಿ ಕರೆದ. ಮತ್ತೆ ಮೊದಲಿಂದ ಹೇಳಿದೆ. ಮುಂದಿನ ಪ್ರದರ್ಶನದ ಆರಂಭದ ಮಾತು ನಾನೇ ಬರೆದುಕೊಡಬೇಕಂತೆ.

"ಆದ್ರೆ ಎರಡೇ ನಿಮಿಷ ಮೇಡಂ, ಜಾಸ್ತಿ ಆದ್ರೆ ಜನ ಎದ್ದು ಹೋಗ್ತಾರೆ" ಅಂತ ಷರತ್ತು ಬೇರೆ ಹಾಕಿದ.